ವಿಮಾನ ಹೊತ್ತ ಸ್ಟ್ಯಾಂಡು

ಹಿತ್ತಲಿನ ತಂತಿಯ ಮೇಲೆ ನಮ್ಮ ಯಜಮಾನರ ಟವೆಲ್ಲು ಹಾಗೆಯೇ ಇತ್ತು. ಅವರು ತೀರಿಕೊಂಡ ಬೆಳಿಗ್ಗೆ ತಾವೇ ಹಿಂಡಿ ಹಾಕಿದ್ದು. ಒಣಗಿ, ಇಬ್ಬನಿಗೆ ನೆನೆದು, ಮತ್ತೆ ಒಣಗಿ ಹಪ್ಪಳದಂತೆ ಸೆಟೆದುಕೊಂಡಿತ್ತು. ತೆಗೆಯಬಾರದು ಎಂದು ನಾನೇನೂ ಅಂದುಕೊಂಡಿರಲಿಲ್ಲ. ತೆಗೆಯಬೇಕು ಎಂದೂ ಅನ್ನಿಸಿರಲಿಲ್ಲ. ಪಕ್ಕದ ಮನೆಯ ಬಸವಣ್ಣೆಮ್ಮ ಆಗ ನನ್ನ ಬಟ್ಟೆಗಳನ್ನೂ ತಾನೇ ಒಗೆದು ಒಣಹಾಕುತ್ತಿದ್ದಳು. ಹಾಕುವಾಗ ಆ ಟವೆಲ್ಲನ್ನು ಮುಟ್ಟದೆ ಅದರ ಎರಡೂ ಬದಿಗೆ ಒಂದಿಷ್ಟು ಜಾಗ ಬಿಡುತ್ತಿದ್ದಳು.

ಅತ್ತುಬಿಡಿ, ಹಗುರಾಗುತ್ತದೆ ಎಂದು ಬಂದವರೆಲ್ಲ ಹೇಳಿದರು. ಹೇಳುವವರ ಕೈಬಳೆ, ಸೆರಗಿನ ಅಂಚು, ಲೋಟದ ತಳದಲ್ಲಿ ಉಳಿದ ಚಹಾ, ಎಲ್ಲವೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಳು ಮಾತ್ರ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಇರುತ್ತದಲ್ಲ, ಇದೆ ಎಂದು ಗೊತ್ತು, ಮುಟ್ಟಿಕೊಂಡರೆ ಬೇರೆಯವರದ್ದು ಅನ್ನಿಸುತ್ತದೆ, ನಾನು ಪೂರ್ತಿಯಾಗಿ ಹಾಗಿದ್ದೆ.

ನಮ್ಮ ಯಜಮಾನರು ಶಿವಮೂರ್ತಪ್ಪನವರದು ಶಿಕಾರಿಪುರದಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು, ಟ್ರೇಲರ್ ರಿಪೇರಿ ಹೊಟ್ಟೆಪಾಡಿಗೆ. ಮನಸ್ಸೆಲ್ಲ ಸೈಕಲ್ಲಿನ ಮೇಲೆ. ಅದಕ್ಕೆ ಕಾರಣ ನಾನು. ಬಿ.ಎಸ್ಸಿ. ಓದಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ, ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ. ಆಗಿನ ರಸ್ತೆಗೆ ಸಂಜೆಯ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಒಂದು ಭಾನುವಾರ ಅವರು ಹಳೇ ಮೊಪೆಡ್ಡಿನ ಸ್ಪ್ರಿಂಗು ಬಿಚ್ಚಿ ನನ್ನ ಸೀಟಿನ ಕೆಳಗೆ ಕೂರಿಸಿದರು. ಮರುದಿನ ನಾನು ಊರ ನಡುವೆ ಪುಟಿಯುತ್ತಾ ಹೋದೆ. ಒಂದು ಗುಂಡಿಗೆ ಇಳಿದರೆ ಮುಂದಿನ ಲೈಟುಕಂಬದವರೆಗೂ ಪುಟಿತ ನಿಲ್ಲುತ್ತಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯರು ಗೇಟಿನಲ್ಲಿ ನಿಂತು, "ಮೇಡಂ, ಕುದ್ರಿ ಯಾವಾಗ ತಗೊಂಡ್ರಿ?" ಎಂದು ಕೇಳಿದರು.

ಮನೆಗೆ ಬಂದು ಪಾಠ ಹೇಳುವಂತೆ ಹೇಳಿದೆ. ಸ್ಪ್ರಿಂಗು ಏಟನ್ನು ಅರಗಿಸಿಕೊಳ್ಳುವುದಿಲ್ಲ, ಇಟ್ಟುಕೊಂಡಿದ್ದು ವಾಪಸ್ಸು ಕೊಡುತ್ತದೆ, ಆ ವಾಪಸ್ಸು ಬಂದದ್ದನ್ನು ಹಿಡಿದುಕೊಳ್ಳಲು ಇನ್ನೇನೋ ಬೇಕು ಎಂದೆ. ಆ ಇನ್ನೇನೋ ಯಾವುದು ಎಂದು ನನಗೂ ಗೊತ್ತಿರಲಿಲ್ಲ. ಬೀದಿಗೊಂದೇ ನಲ್ಲಿ ಇದ್ದ ಕಾಲ ಅದು. ಬಸವಣ್ಣೆಮ್ಮ ತಲೆಯ ಮೇಲೆ ಹಳೇ ಬಟ್ಟೆಯ ಸಿಂಬಿ ಸುತ್ತಿಟ್ಟುಕೊಂಡು, ಅದರ ಮೇಲೆ ತುಂಬಿದ ಕೊಡ ಹೊತ್ತು, ಯಾರನ್ನೋ ಬೈದುಕೊಂಡು ನಮ್ಮ ಮನೆ ಮುಂದಿನ ಚರಂಡಿ ದಾಟಿ ಬರುತ್ತಿದ್ದಳು. ನೀರು ತುಳುಕುತ್ತಿರಲಿಲ್ಲ. ಇವರು ಅದನ್ನೇ ನೋಡುತ್ತಾ ನಿಂತುಬಿಟ್ಟರು.

"ಏನಣ್ಣಾ, ಯಾವತ್ತೂ ಕೊಡ ನೋಡಿಲ್ಲೇನು?" ಎಂದಳು ಬಸವಣ್ಣೆಮ್ಮ.

"ಕೊಡ ಅಲ್ಲವ್ವ, ಸಿಂಬಿ ನೋಡಾಕತ್ತೀನಿ," ಎಂದರು ಇವರು.

ಟ್ರ್ಯಾಕ್ಟರಿನ ಹಳೇ ಟ್ಯೂಬನ್ನು ಪಟ್ಟಿಯಾಗಿ ಕೊಯ್ದು, ಬಿಗಿಯಾಗಿ ಸಿಂಬಿ ಸುತ್ತಿ ಸ್ಪ್ರಿಂಗಿನ ಕೆಳಗಿಟ್ಟರು. ದಪ್ಪ ಹೆಚ್ಚಾಗಿ, ಕಡಿಮೆಯಾಗಿ, ಸುತ್ತು ಬಿಚ್ಚಿ, ಕೊನೆಗೊಂದು ದಿನ ನಾನು ಗುಂಡಿಗೆ ಇಳಿದದ್ದು ಗೊತ್ತಾಯಿತು, ಪುಟಿದದ್ದು ಗೊತ್ತಾಗಲಿಲ್ಲ. ಆಮೇಲೆ ಎಷ್ಟೋ ಜನರ ಸೈಕಲ್ಲಿಗೆ ಅದನ್ನು ಕೂರಿಸಿಕೊಟ್ಟರು. ಅದಕ್ಕೆ ಸಿಂಬಿ ಎಂದೇ ಹೆಸರಾಯಿತು. ಇದರಿಂದ ಕುಲುಕು ಪೂರ್ತಿ ಹೋಗುತ್ತದಾ ಎಂದು ಬಂದವರು ಕೇಳಿದರೆ ಅವರದು ಯಾವಾಗಲೂ ಒಂದೇ ಉತ್ತರ:

"ಕುಲುಕು ಎಲ್ಲಿಗೂ ಹೋಗಲ್ರೀ. ಒಮ್ಮೆಲೇ ಬರೋದು ಸಾವಕಾಶ ಬರ್ತೈತಿ, ಅಷ್ಟ."

ಈ ಸಿಂಬಿಯ ಸುದ್ದಿ ಕೇಳಿಯೇ ಕುಪ್ಪಗಡ್ಡೆಯ ತೀರ್ಥೇಶ್ ಮಳೆಗಾಲದ ಕೊನೆಗೆ ಅಂಗಡಿಗೆ ಬಂದದ್ದು. ಸೊರಬ ತಾಲೂಕಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರು, ಮೂವರು ಹುಡುಗಿಯರನ್ನು ಸೈಕಲ್ ಪಂದ್ಯಕ್ಕೆ ತಯಾರು ಮಾಡುತ್ತಿದ್ದಾರೆ. ಹಿಂದಿನ ವರ್ಷ ಆಯ್ಕೆ ಪಂದ್ಯಕ್ಕೆ ವಿಜಯಪುರಕ್ಕೆ ಹೋಗುವಾಗ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಕಟ್ಟಿದ್ದರಂತೆ. ಇಳಿಸುವಾಗ ಶಾಲಿನಿ ಎಂಬ ಹುಡುಗಿಯ ಸೈಕಲ್ಲಿನ ರಿಮ್ಮು ಸೊಟ್ಟಗಾಗಿ, ಗೇರು ಹಿಡಿಯುವ ತುಂಡು ಬಾಗಿಹೋಗಿತ್ತು. ಅವಳು ಓಡಿಸಲಿಲ್ಲ. ಪಂದ್ಯ ಮುಗಿಯುವವರೆಗೂ ಗೆಳತಿಯರ ನೀರಿನ ಬಾಟಲಿ ಹಿಡಿದು ರಸ್ತೆ ಬದಿಗೆ ನಿಂತಿದ್ದಳಂತೆ. ವಯಸ್ಸಿನ ಲೆಕ್ಕದಲ್ಲಿ ಆ ಪಂದ್ಯಕ್ಕೆ ಅವಳಿಗೆ ಈ ವರ್ಷವೇ ಕೊನೆ. ತೀರ್ಥೇಶ್ ಇದನ್ನು ಹೇಳುವಾಗ ಇವರು ವೆಲ್ಡಿಂಗಿನ ಕನ್ನಡಕ ತೆಗೆದು ಕೇಳಿಸಿಕೊಂಡರು. ಕನ್ನಡಕ ತೆಗೆದರೆ ಕೆಲಸ ಒಪ್ಪಿಕೊಂಡರು ಎಂದೇ ಅರ್ಥ.

ಸೈಕಲ್ಲುಗಳನ್ನು ಕುಲುಕದಂತೆ ಒಯ್ಯಲು ಧರ್ಮಪ್ಪನ ಪಿಕಪ್ಪಿನ ಹಿಂಭಾಗಕ್ಕೆ ಕೂರುವಂಥ ಸ್ಟ್ಯಾಂಡು ಅದು. ಧರ್ಮಪ್ಪ ನಮ್ಮ ಬೀದಿಯವನೇ, ಮೆಕ್ಕೆಜೋಳ, ಶುಂಠಿ ಹೇರುತ್ತಾನೆ. ಕೆಳಗೊಂದು ಕಬ್ಬಿಣದ ಚೌಕಟ್ಟು, ಮೇಲೊಂದು. ಮೇಲಿನದರಲ್ಲಿ ಸೈಕಲ್ ಚಕ್ರ ಕೂರಲು ಉದ್ದನೆಯ ದೋಣಿಗಳು, ಪಕ್ಕದಲ್ಲಿ ಪಂಪು, ಹೆಲ್ಮೆಟ್ಟು ಇಡಲು ಜಾಲರಿಯ ಬುಟ್ಟಿ. ಎರಡು ಚೌಕಟ್ಟಿನ ನಡುವೆ ಮೂಲೆಗೊಂದು ಸ್ಪ್ರಿಂಗು, ಅದರ ಕೆಳಗೆ ದಪ್ಪನೆಯ ಟ್ಯೂಬಿನ ಸಿಂಬಿ. ಎಲ್ಲ ಮುಗಿದು ಬೋಲ್ಟು ಬಿಗಿದ ಸಂಜೆ, ನಾಳೆ ಸೊರಬದ ಕಡೆಯ ಉಳವಿಯವರೆಗೆ ಹೋಗಿ ಪರೀಕ್ಷೆ ಮಾಡಿ ಬರೋಣ, ನೀನೂ ಬಾ ಎಂದು ನನಗೆ ಹೇಳಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಟವೆಲ್ಲು ಹಿಂಡಿ ಹಾಕಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತವರು ಏಳಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ ಒಯ್ಯುತ್ತೇವೆ. ಬಿದಿರು, ಬಾಳೆದಿಂಡು, ಹೂವಿನಿಂದ ಮಂಟಪದ ಹಾಗೆ ಕಟ್ಟುತ್ತಾರೆ. ಅದಕ್ಕೆ ವಿಮಾನ ಎನ್ನುತ್ತೇವೆ. ನಮ್ಮ ಹೊಲದ ದಾರಿಯನ್ನು ಆಗ ನೀರಿನ ಪೈಪಿಗೆಂದು ಉದ್ದಕ್ಕೂ ಅಗೆದಿದ್ದರು. ವಿಮಾನಕ್ಕೆಂದು ಬಂದ ಟ್ರ್ಯಾಕ್ಟರನ್ನೂ ದಾರಿಯನ್ನೂ ಧರ್ಮಪ್ಪ ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಕೂತು ಮೆಲ್ಲಗೆ ಹೇಳಿದ: "ಇದರಾಗ ಹೋದ್ರ ಅಣ್ಣಾರ ತಲಿ ಅಳ್ಳಾಡತೈತಿ ಅಕ್ಕಾರೆ. ನನ್ ಗಾಡ್ಯಾಗ ಕರ್ಕೊಂಡು ಹೋಗ್ತೀನಿ."

ಕರ್ಕೊಂಡು ಎಂದ. ಬೆಳಿಗ್ಗೆಯಿಂದ ಎಲ್ಲರೂ ಒಯ್ಯುವುದು, ತಗೊಂಡು ಹೋಗುವುದು ಎನ್ನುತ್ತಿದ್ದರು. ಅದು ನನಗೆ ಕೇಳಿಸಿತು, ನೆನಪಿನಲ್ಲಿ ಇಟ್ಟುಕೊಂಡೆ, ಅಷ್ಟೇ.

ಸೈಕಲ್ಲಿನ ದೋಣಿಗಳಲ್ಲಿ ವಿಮಾನದ ಬಿದಿರು ಸರಿಯಾಗಿ ಕೂತಿತು. ನಾನು ಹಿಂದಿನ ಆಟೋದಲ್ಲಿದ್ದೆ. ನಮ್ಮ ಆಟೋ ಗುಂಡಿಗುಂಡಿಗೂ ಎತ್ತಿ ಹಾಕುತ್ತಿತ್ತು, ಪಿಕಪ್ಪಿನ ಚಕ್ರ ಹತ್ತಿ ಇಳಿಯುವುದೂ ಕಾಣುತ್ತಿತ್ತು. ಅವರ ತಲೆ ಅಲ್ಲಾಡಲಿಲ್ಲ. ಯಾವುದೋ ಊರಿಗೆ ಕೆಲಸಕ್ಕೆ ಹೋಗುವವರ ಹಾಗೆ ನೆಟ್ಟಗೆ ಕೂತು ಹೋದರು. ಹೊಲದಲ್ಲಿ ವಿಮಾನ ಇಳಿಸುವಾಗ ಬಿದಿರು ಸಿಕ್ಕಿಕೊಂಡು ಹಿಂದಿನ ಎಡಮೂಲೆಯ ಸಿಂಬಿ ಕಿತ್ತು ಎಲ್ಲೋ ಬಿತ್ತು. ಯಾರೂ ಹುಡುಕುವ ಹೊತ್ತಲ್ಲ ಅದು.

ಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ತೀರ್ಥೇಶ್ ಧರ್ಮಪ್ಪನಿಗೆ ಫೋನು ಮಾಡಿದ್ದರು. ಮೊದಲು ತುಂಬ ಹೊತ್ತು ಇವರ ಬಗ್ಗೆ ಮಾತಾಡಿ, ಆಮೇಲೆ ಸಂಕೋಚದಿಂದ ಸ್ಟ್ಯಾಂಡಿನ ವಿಷಯ ಕೇಳಿದರಂತೆ. ಗುರುವಾರ ಬೆಳಿಗ್ಗೆ ಬಂದು ನೋಡುವುದು, ಅಲ್ಲಿಂದ ಸೊರಬದಲ್ಲಿ ಉಳಿದ ಸೈಕಲ್ಲುಗಳನ್ನು ಏರಿಸಿಕೊಂಡು ವಿಜಯಪುರಕ್ಕೆ ಹೋಗುವುದು ಎಂದು ಮಾತಾಯಿತು. ಧರ್ಮಪ್ಪ ಬಂದು ಹೇಳಿದಾಗ ಹ್ಞೂಂ ಎಂದೆ.

ಗುರುವಾರ ಅವರು ಬರುವ ಸ್ವಲ್ಪ ಮುಂಚೆ ಧರ್ಮಪ್ಪ ಮತ್ತೆ ಬಂದ. ಜಗಲಿಯ ಅಂಚಿನಲ್ಲಿ ಕೂತು ಟೋಪಿಯನ್ನು ತಿರುಗಿಸುತ್ತಿದ್ದ.

"ಅಕ್ಕಾರೆ, ಒಂದು ಗಡಿಬಿಡಿ ಆಗೈತಿ. ಸ್ಟ್ಯಾಂಡು ಗಟ್ಟಿ ಐತೇನ್ರೀ, ಅಳ್ಳಾಡಂಗಿಲ್ಲ ಹೌದಲ್ಲೋ ಅಂತ ಕೇಳಿದ್ರು ಸರ್ರು. ನಾನು, ಅದರ ಮ್ಯಾಲೆ ವಿಮಾನನ ಹೋಗೈತ್ರೀ, ಒಂಚೂರೂ ಅಳ್ಳಾಡಿಲ್ಲ ಅಂದೆ. ಅವ್ರು, ಹೌದಾ, ಶಿವಮೊಗ್ಗ ಏರ್‌ಪೋರ್ಟಿಂದಾ ಅಂದ್ರು."

"ನೀನೇನಂದೆ?"

"ಹ್ಞೂಂ ಅಂದ್ಬಿಟ್ಟೆ."

ತೀರ್ಥೇಶ್ ಆಮೇಲೆ ತಾವೇ ಯೋಚನೆ ಮಾಡಿ, ನಿಜವಾದ್ದಲ್ಲ, ಯಾವುದೋ ಮೆರವಣಿಗೆಗೆ ಮಾಡಿದ ಮಾದರಿ ಇರಬೇಕು ಎಂದುಕೊಂಡು, ಹುಡುಗಿಯರಿಗೂ ಅವರ ಮನೆಯವರಿಗೂ ಹಾಗೆಯೇ ಹೇಳಿದ್ದರಂತೆ. ಎಲ್ಲರಿಗೂ ಧೈರ್ಯ ಬಂದಿತ್ತಂತೆ. ಈಗ ನಿಜ ಹೇಳಿದರೆ ಅವರು ಹೆಣ ಹೋದ ಸ್ಟ್ಯಾಂಡು ಎಂದು ಬಿಟ್ಟುಹೋಗುತ್ತಾರೆ, ಹುಡುಗಿಯ ಸೈಕಲ್ಲು ಮತ್ತೆ ಬಸ್ಸಿನ ಮೇಲೆ, ಸ್ಟ್ಯಾಂಡು ಗುಜರಿಗೆ ಎಂದ ಧರ್ಮಪ್ಪ. ಅವನಿಗೂ ಅದನ್ನು ಗಾಡಿಯಲ್ಲಿ ಇಟ್ಟುಕೊಂಡು ಜೋಳ ಹೇರಲಾಗದು. "ಅಣ್ಣಾರು ಮಾಡಿದ್ದು ಇದ ಕಡೀದು. ನೀವು ಏನೂ ಮಾತಾಡಬ್ಯಾಡ್ರಿ," ಎಂದ. ಹೆಣ ಎಂದು ಬಾಯಿಂದ ಬಂದದ್ದಕ್ಕೆ ಅವನ ಕಣ್ಣು ಕೆಳಗಾಗಿತ್ತು.

ಇವರ ಕೊನೆಯ ಕೆಲಸ ಗುಜರಿಗೆ ಹೋಗುತ್ತದೆ ಎಂಬ ಮಾತನ್ನು ನಾನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ನೋಡಿದೆ. ಹೋಗಬಾರದು ಎಂದು ತಿಳಿಯುತ್ತಿತ್ತು. ನೋಯುತ್ತಿರಲಿಲ್ಲ.

ತೀರ್ಥೇಶ್ ತಮ್ಮ ಓಮ್ನಿಯಲ್ಲಿ ಬಂದರು. ಜೊತೆಗೆ ಶಾಲಿನಿ, ತೆಳ್ಳಗೆ, ಮೊಣಕಾಲಿನಲ್ಲಿ ಹಳೇ ಗಾಯದ ಕಲೆ. ಅವಳ ಸೈಕಲ್ಲನ್ನು ದುಪ್ಪಟಿಯಲ್ಲಿ ಸುತ್ತಿ ಹಿಂದೆ ಮಲಗಿಸಿದ್ದರು. ಅವಳ ಅಜ್ಜಿ ವರದಮ್ಮನವರೂ ಬಂದಿದ್ದರು. ತಾನೂ ಬರಲೇಬೇಕೆಂದು ಹಟ ಹಿಡಿದರು, ಯಾಕೆಂದು ಹೇಳಲಿಲ್ಲ ಎಂದು ತೀರ್ಥೇಶ್ ನಗುತ್ತಾ ದೂರಿದರು. ವರದಮ್ಮ ನನ್ನ ಮುಖ ನೋಡಿದರು, ಅಳಿ ಎಂದು ಹೇಳಲಿಲ್ಲ. ಚಹಾ ಮಾಡಲು ನಾನು ಎದ್ದಾಗ ತಾವೂ ಒಳಗೆ ಬಂದರು. ನಾನು ಸಕ್ಕರೆಯನ್ನು ಎರಡನೇ ಸಲ ಹಾಕಲು ಹೋದಾಗ ಡಬ್ಬಿಯ ಮುಚ್ಚಳ ಹಾಕಿಟ್ಟರು.

ಹೊರಗೆ ತೀರ್ಥೇಶ್ ಸ್ಟ್ಯಾಂಡಿನ ಮೇಲೆ ಕೈಯೂರಿ ಒತ್ತಿ ನೋಡುತ್ತಿದ್ದರು. ಹಿಂದಿನ ಎಡಮೂಲೆ ಬಗ್ಗುತ್ತಿತ್ತು. ಅಷ್ಟು ದಪ್ಪದ ಟ್ಯೂಬು ಇಲ್ಲಿ ಸಿಗಲಿಲ್ಲ, ದಾರಿಯಲ್ಲಿ ಏನಾದರೂ ನೋಡೋಣ ಎಂದು ಧರ್ಮಪ್ಪ ಸಮಾಧಾನ ಹೇಳುತ್ತಿದ್ದ. ಶಾಲಿನಿ ದೋಣಿಯ ಉದ್ದಕ್ಕೂ ಬೆರಳಾಡಿಸಿ, ನನ್ನ ಕಡೆ ತಿರುಗಿ ಕೇಳಿದಳು:

"ಅಜ್ಜಿ, ಇದ್ರ ಮೇಲೆ ವಿಮಾನ ಹೋಗಿತ್ತಂತೆ ಹೌದಾ? ರೆಕ್ಕೆ ಬಿಚ್ಚಿ ಇಟ್ಟಿದ್ರಾ?"

ಧರ್ಮಪ್ಪ ಬಗ್ಗಿ, ಬಿಗಿಯಾಗಿಯೇ ಇದ್ದ ಬೋಲ್ಟೊಂದನ್ನು ಬಿಗಿಯತೊಡಗಿದ.

ಮೂವತ್ತು ವರ್ಷ ಇಂಥ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವಳು ನಾನು. ಸುಳ್ಳು ಹೇಳಲು ಒಂದಿಷ್ಟು ಹುರುಪು ಬೇಕು. ಅದೂ ನನ್ನಲ್ಲಿ ಇರಲಿಲ್ಲ. "ಅದು ಹಾರೋ ವಿಮಾನ ಅಲ್ಲಮ್ಮ," ಎಂದೆ. "ನಮ್ಮಲ್ಲಿ ತೀರಿಕೊಂಡವರನ್ನ ಕೂರಿಸಿ ಕರ್ಕೊಂಡು ಹೋಗೋದಕ್ಕೆ ವಿಮಾನ ಅಂತೀವಿ. ನಮ್ಮ ಮನೆಯವರು ಇದರ ಮೇಲೆ ಹೋದರು."

ತೀರ್ಥೇಶ್ ಕೈ ತೆಗೆದರು. ಬೇಕೆಂದು ತೆಗೆದದ್ದಲ್ಲ, ಬಿಸಿ ತಗುಲಿದಾಗ ತೆಗೆಯುತ್ತೇವಲ್ಲ ಹಾಗೆ. ತೆಗೆದದ್ದಕ್ಕೆ ತಾವೇ ನಾಚಿ ಮತ್ತೆ ಇಡಲು ಹೋಗಿ, ಅರ್ಧಕ್ಕೆ ನಿಲ್ಲಿಸಿದರು. ತನಗೇನೂ ಇಲ್ಲ, ಆದರೆ ಉಳಿದ ಇಬ್ಬರ ಮನೆಯವರು ಒಪ್ಪಬೇಕಲ್ಲ, ಪಂದ್ಯಕ್ಕೆ ಹೊರಟ ಮಕ್ಕಳು, ತೊಳೆದು ಒಂದು ಪೂಜೆ ಮಾಡಿಸಿದರೆ ಆದೀತೋ ಏನೋ ಎಂದು ಮಾತು ಎಳೆದರು. ನಮ್ಮ ಮತದಲ್ಲಿ ಸಾವಿನ ಸೂತಕ ಇಲ್ಲ, ಆದರೆ ನಿಮ್ಮದು ನಿಮಗೆ ಬಿಟ್ಟದ್ದು, ಬೇಡವಾದರೆ ನನಗೆ ಬೇಸರವಿಲ್ಲ ಎಂದೆ. ಅದು ನಿಜವೇ ಆಗಿತ್ತು. ಬೇಸರ ಎಂಬುದು ಎಲ್ಲಿರುತ್ತದೆ ಎಂದೇ ನನಗೆ ಆಗ ಗೊತ್ತಿರಲಿಲ್ಲ. ಶಾಲಿನಿ ಓಮ್ನಿಯ ಹತ್ತಿರ ಹೋಗಿ, ಜಾರಿದ್ದ ದುಪ್ಪಟಿಯನ್ನು ಸೈಕಲ್ಲಿನ ಮೇಲೆ ಮತ್ತೆ ಎಳೆದಳು.

"ತೀರ್ಥೇಶ, ಸುಮ್ನಿರು ಮಾರಾಯ," ಎಂದರು ವರದಮ್ಮ.

ಅವರು ಜಗಲಿಯಿಂದ ಇಳಿದು ನನ್ನ ಎದುರಿಗೆ ಬಂದು ನಿಂತರು.

"ನಂಗೆ ಗೊತ್ತಿತ್ತು ಕಣ್ರೀ. ನನ್ನ ತವರು ಕುಬಟೂರು. ಪಕ್ಕದ ಮನೆ ನಿಮ್ಮವರದ್ದೇ. ಆ ಮನೆ ಅಜ್ಜ ಹೋದಾಗ ವಿಮಾನಕ್ಕೆ ಸೇವಂತಿಗೆ ಕಟ್ಟಿಕೊಟ್ಟದ್ದು ನಾವು ಹುಡುಗೀರು. ಇವರಿಗೆಲ್ಲ ವಿಮಾನ ಅಂದ್ರೆ ಶಿವಮೊಗ್ಗದ್ದೊಂದೇ. ಫೋನಲ್ಲಿ ಇವ ಹೇಳ್ತಿದ್ದ ಹಾಗೇ ನಂಗೆ ಅರ್ಥ ಆತು."

"ಮತ್ತೆ ನನಗ್ಯಾಕೆ ಹೇಳಲಿಲ್ಲ ನೀವು?" ಎಂದರು ತೀರ್ಥೇಶ್.

"ಹೇಳಿದ್ರೆ ನೀನು ಇಲ್ಲಿಗೇ ಬರ್ತಿರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ನಾ ಕೇಳಕ್ಕೆ ಬಂದಿದ್ದು ಬೇರೆ. ಅದು ನಿಮ್ಮವರು ಕಡೇಗೆ ಕೂತ ಜಾಗ. ಅದ್ರ ಮೇಲೆ ನಮ್ಮ ಹುಡುಗಿ ಸೈಕಲ್ ಇಡಬಹುದಾ? ನಿಮ್ಗೆ ಅಡ್ಡಿ ಇಲ್ವಾ? ಅಡ್ಡಿ ಇದ್ರೆ ಹೇಳಿಬಿಡಿ, ನಾವು ಬಸ್ಸಿಗೇ ಹೋಗ್ತೀವಿ."

ಆ ಮಕ್ಕಳಿಗೆ ಈ ಸ್ಟ್ಯಾಂಡು ಆದೀತೇ ಎಂದು ಎಲ್ಲರೂ ಯೋಚಿಸಿದ್ದೆವು. ನಾನು ಅದನ್ನು ಬಿಟ್ಟುಕೊಡಬಲ್ಲೆನೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಸ್ಟ್ಯಾಂಡನ್ನು ನೋಡಿದೆ. ಧರ್ಮಪ್ಪ ಎಷ್ಟು ತೊಳೆದರೂ ದೋಣಿಯ ಮೂಲೆಯಲ್ಲಿ ಹೂವಿನ ಹಾರದ ದಾರವೊಂದು ಅಂಟಿಕೊಂಡಿತ್ತು. ನಾನು ನೋಡುತ್ತಿದ್ದಷ್ಟು ಹೊತ್ತೂ ಅವರೆಲ್ಲ ಕಾದರು. ಬೇಗ ಹೇಳಿ ಎಂದು ಯಾರ ಕಾಲೂ ಅಲ್ಲಾಡಲಿಲ್ಲ.

"ಹಿಂದಿನ ಎಡಮೂಲೆಗೆ ಸಿಂಬಿ ಇಲ್ಲ," ಎಂದೆ. "ಹಾಗೇ ಕಳಿಸೋಕಾಗಲ್ಲ."

ಹಿತ್ತಲಿಗೆ ಹೋದೆ. ಟವೆಲ್ಲಿನ ಕ್ಲಿಪ್ಪು ತೆಗೆದೆ. ಅದು ತಂತಿಯ ಮಡಿಕೆಯನ್ನು ಹಾಗೆಯೇ ಹಿಡಿದುಕೊಂಡು ನನ್ನ ಕೈಗೆ ಬಂತು. ತೊಟ್ಟಿಯಲ್ಲಿ ಅದ್ದಿದೆ, ಮೆತ್ತಗಾಯಿತು. ಹಿಂಡಿ, ಉದ್ದಕ್ಕೆ ಹಿಡಿದು ತಿರುಚತೊಡಗಿದೆ. ಪ್ರತಿ ಸಲವೂ ಸುತ್ತು ಬಿಚ್ಚಿಕೊಳ್ಳುತ್ತಿತ್ತು. ಬಸವಣ್ಣೆಮ್ಮ ಗೋಡೆಯಾಚೆಯಿಂದ ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ, ಬಂದು ಇನ್ನೊಂದು ತುದಿ ಹಿಡಿದುಕೊಂಡಳು. "ನೀವು ಓದಿದೋರು ಅಕ್ಕಾರೆ, ಒಂದು ದಿನಾನಾದ್ರೂ ಕೊಡ ಹೊತ್ತಿದ್ರೆ ಬರ್ತಿತ್ತು," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಇಬ್ಬರೂ ಎರಡು ಕಡೆಯಿಂದ ತಿರುಚಿ, ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದೆವು. ಗಟ್ಟಿಯಾದ, ಗುಂಡನೆಯ ಸಿಂಬಿ ಆಯಿತು.

ಧರ್ಮಪ್ಪ ಜಾಕಿಯಿಂದ ಮೂಲೆ ಎತ್ತಿ ಅದನ್ನು ಸ್ಪ್ರಿಂಗಿನ ಕೆಳಗೆ ಕೂರಿಸಿ, ಮೇಲೆ ತಂತಿ ಸುತ್ತಿದ. ಅದು ಯಾರ ಟವೆಲ್ಲು ಎಂದು ಅವನಿಗೆ ಗೊತ್ತಿತ್ತು. ವಿಜಯಪುರ ಮುಟ್ಟಿ ಬರುವವರೆಗೆ ಏನೂ ಆಗುವುದಿಲ್ಲ, ಬಂದ ಮೇಲೆ ಬಿಚ್ಚಿ ನಿಮ್ಮ ಕೈಗೇ ಕೊಡುತ್ತೇನೆ ಎಂದ. ತೀರ್ಥೇಶ್ ಶಾಲಿನಿಯ ಸೈಕಲ್ಲನ್ನು ತಾವೇ ಎತ್ತಿ ದೋಣಿಯಲ್ಲಿಟ್ಟು ಪಟ್ಟಿ ಬಿಗಿದರು. ಉಳಿದ ಇಬ್ಬರ ಮನೆಯಲ್ಲಿ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ, ಒಪ್ಪದಿದ್ದರೆ ಅವರ ಸೈಕಲ್ಲು ನನ್ನ ಓಮ್ನಿಯಲ್ಲಿ ಬರಲಿ ಎಂದರು. ಈ ಸಲ ಅವರ ಕೈ ಸ್ಟ್ಯಾಂಡಿನ ಮೇಲೆಯೇ ಇತ್ತು.

ಶಾಲಿನಿ ನನ್ನ ಹತ್ತಿರ ಬಂದು, ರೆಕ್ಕೆಯ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ ಎಂದಳು. ನಮ್ಮ ಯಜಮಾನರಿಗೆ ಆ ಮಾತು ಕೇಳಿದ್ದರೆ ಖುಷಿಯಾಗುತ್ತಿತ್ತು ಎಂದೆ. ಹಾಗೆ ಹೇಳಿದ ಮೇಲೆ, ಹೌದು, ಆಗುತ್ತಿತ್ತು ಎಂದು ನನಗೂ ತಿಳಿಯಿತು. ವರದಮ್ಮ ಹೋಗುವಾಗ ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ಒತ್ತಿ ಬಿಟ್ಟರು. ಟವೆಲ್ಲಿನ ನೀರು ನನ್ನ ಕೈಯಲ್ಲಿ ಇನ್ನೂ ಇತ್ತು. ಅವರು ಒರೆಸಿಕೊಳ್ಳಲಿಲ್ಲ.

ಪಿಕಪ್ಪು ಹೊರಟಿತು. ಬೀದಿಯ ತುದಿಯಲ್ಲಿ ಎತ್ತರದ ಹಂಪು ಇದೆ, ಇವರು ದಿನಾ ಬೈಯುತ್ತಿದ್ದ ಹಂಪು. ಗೇಟಿನಲ್ಲಿ ನಿಂತು ನೋಡಿದೆ. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನದೂ ಹತ್ತಿ ಇಳಿಯಿತು. ಸೈಕಲ್ಲು ಇದ್ದ ಹಾಗೇ ಇತ್ತು. ಗಾಡಿ ಹಂಪು ದಾಟಿ, ಸಮ ರಸ್ತೆಗೆ ಬಿದ್ದು, ಸ್ವಲ್ಪ ದೂರ ಹೋದ ಮೇಲೆ ಸೈಕಲ್ಲಿನ ಹ್ಯಾಂಡಲ್ಲು ಮೆಲ್ಲಗೆ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು.

ಲೋಟಗಳನ್ನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಬಸವಣ್ಣೆಮ್ಮ ಅಷ್ಟರಲ್ಲಿ ಬಟ್ಟೆ ಒಣಹಾಕಿದ್ದಳು. ಟವೆಲ್ಲು ಇದ್ದ ಜಾಗವನ್ನು ಹಾಗೆಯೇ ಬಿಟ್ಟಿದ್ದಳು. ಲೋಟ ತೊಳೆಯಲು ಕೂತೆ. ಮೂರನೆಯ ಲೋಟಕ್ಕೆ ಬರುವ ಹೊತ್ತಿಗೆ ನನ್ನ ಕೈ ಸಣ್ಣಗೆ ಅಲ್ಲಾಡತೊಡಗಿತು. ಲೋಟವನ್ನು ಕೆಳಗಿಟ್ಟು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಅದು ಅಲ್ಲಾಡುವುದನ್ನು ನೋಡುತ್ತಾ ಕೂತೆ.